ಚಿಂತೆಯೂ ಕಾಯಕವೂ



ಯೋಚನೆಯು ಮಾನವನಿಗೆ ಶಿವನಿತ್ತ ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಯೋಚನೆಯನ್ನು ಗಾಣದ ಎತ್ತಿನಂತೆ ಸುತ್ತುತ್ತಿರುವುದು ವರವಲ್ಲ. ಗಾಣದ ಎತ್ತಿನ ಸುತ್ತಿಗಾದರೂ ಸಂಜೆಗೆ ಎಣ್ಣೆಯುಂಟು. ಅತಿಯಾಗಿ ಯೋಚಿಸುವವನ ಸುತ್ತಿಗೆ ಆ ಫಲವೂ ಇಲ್ಲ.

ಈ ಕೋಣನಕುಂಟೆಯನ್ನೇ ನೋಡಬಹುದು. ಕನಕಪುರದ ಹಾದಿಯಲ್ಲಿದ್ದ ಹಳ್ಳಿಯು ಇಂದು ಬೆಂಗಳೂರಿನೊಳಗೆ ಸೇರಿಹೋಗಿದೆ. 2021ನೆಯ ಇಸವಿಯ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ಮುಂದಕ್ಕೆ ಇದೇ ಮಾರ್ಗವಾಗಿ ರೇಷ್ಮೆ ಸಂಸ್ಥೆಯವರೆಗೆ ಓಡಲಾರಂಭಿಸಿತು. ದೇಹವು ಬೇಗನೆ ಮನೆ ಸೇರುವುದು. ಮನಸ್ಸು ಮಾತ್ರ ಸೇರುವುದಿಲ್ಲ. ಮೇಲಧಿಕಾರಿಯು ಬೆಳಿಗ್ಗೆ ಏಕೆ ನಗಲಿಲ್ಲ? ಮಗನ ಅಂಕಗಳು ಕಡಿಮೆಯಾದರೆ ಮುಂದೇನು? ಮನೆಯ ಸಾಲದ ಕಂತು ತಪ್ಪಿದರೆ ಗತಿಯೇನು? ಗೃಹಸ್ಥನು ಕೈಗೆ ಬಂದ ತುತ್ತನ್ನು ಬಾಯಿಗಿಡುವುದನ್ನೇ ಮರೆತು ಕುಳಿತಿರುತ್ತಾನೆ. ಸಾಲದ ಲೆಕ್ಕವನ್ನು ಬರೆದಿಟ್ಟು ನೋಡುವುದು ವಿವೇಕವೇ ಸರಿ. ಬರೆಯದೆ ನಡುರಾತ್ರಿಯವರೆಗೆ ಅದನ್ನೇ ನೆನೆಯುವುದರಿಂದ ಸಾಲದಲ್ಲಿ ಒಂದು ಕಾಸೂ ಕರಗದು.

ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್ ಹೋಕ್ಸೆಮಾ ಎಂಬಾಕೆಯು ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದಳು. ದುಃಖದ ಕಾರಣಗಳನ್ನೇ ಮೆಲುಕು ಹಾಕುವವರಲ್ಲಿ ದುಃಖದ ಅವಧಿಯು ದೀರ್ಘವಾಗುವುದೆಂದು 1991ರಲ್ಲಿ ಪ್ರಕಟಿಸಿದಳು. ಮೆಲುಕೆಂಬ ಮಾತು ಬಹಳ ತಕ್ಕದ್ದು. ಆದರೆ ಹಸುವು ಮೆಲುಕಿನಿಂದ ಮೇವನ್ನು ಅರಗಿಸಿಕೊಳ್ಳುವುದು, ಮನುಷ್ಯನಿಗೆ ಅದೂ ಸಾಧ್ಯವಾಗದು. ವಾರಗಟ್ಟಲೆ ನಿದ್ರೆಯೂ ಹಸಿವೂ ಕೆಟ್ಟವರಿಗೆ ಬರಿಯ ಉಪದೇಶವು ಸಾಲದು. ಅಂಥವರು ವೈದ್ಯರನ್ನು ಕಾಣಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯು ಇಲ್ಲಿಗೆ ದೂರವೇನೂ ಅಲ್ಲ; 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ದೊರೆಯುವುದು. ಭಕ್ತನಾದವನು ವೈದ್ಯನ ಬಳಿಗೆ ಹೋಗಲು ನಾಚುವುದು ಭಕ್ತಿಯ ಲಕ್ಷಣವಲ್ಲ.

ಇನ್ನುಳಿದ ದಿನನಿತ್ಯದ ಚಿಂತೆಗೆ ಕಲ್ಯಾಣದ ಶರಣರ ಒಂದು ಪ್ರಸಂಗವು ಕನ್ನಡಿಯಂತಿದೆ. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದವನು. ಒಮ್ಮೆ ಅಲ್ಲಮಪ್ರಭುಗಳೊಡನೆ ತತ್ತ್ವವಿಚಾರದಲ್ಲಿ ಮೈಮರೆತನು. ಅದು ಕೇವಲ ಲೌಕಿಕ ಚಿಂತೆಯಲ್ಲ, ಪ್ರಭುವಿನ ಸಂಗಡದ ಜಿಜ್ಞಾಸೆ! ಆದರೂ ಸತಿ ಲಕ್ಕಮ್ಮನು ಸುಮ್ಮನಿರಲಿಲ್ಲ. ಕಾಯಕವು ನಿಂತಿದೆಯೆಂದು ಎಚ್ಚರಿಸಿ ಪತಿಯನ್ನು ಎಬ್ಬಿಸಿ ಕಳುಹಿದಳು. ಸದ್ವಿಚಾರಕ್ಕೇ ಇಂತಹ ಮಿತಿಯಿದ್ದ ಮೇಲೆ ಮೇಲಧಿಕಾರಿಯ ನಗೆಯ ವಿಚಾರಕ್ಕೆ ಎಷ್ಟು ಹೊತ್ತು ಸಲ್ಲಬೇಕು?

ಲಕ್ಕಮ್ಮನ ನೋಟವು ಅಷ್ಟಕ್ಕೇ ಮುಗಿಯಲಿಲ್ಲ. ಮಾರಯ್ಯನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದನು. ಇಂದಿನವರಾದರೆ ನಾಳೆಯ ಚಿಂತೆ ಕಳೆಯಿತೆಂದು ಹಿಗ್ಗುತ್ತಿದ್ದರು. ಆ ತಾಯಿಯು ಗಂಟನ್ನು ನೋಡಿದ ಕೂಡಲೆ ಪತಿಯ ಮನಸ್ಸು ಇಬ್ಬಗೆಯಾದುದನ್ನು ಕಂಡಳು. ಇಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಉಳಿಸಿ, ಮಿಕ್ಕುದನ್ನು ತಂದೆಡೆಯಲ್ಲಿಯೇ ಸುರಿದು ಬರಬೇಕೆಂದು ಹೇಳಿದಳು. ಮಾರಯ್ಯನು ಮರುಮಾತಾಡದೆ ಗಂಟನ್ನು ಹೊತ್ತು ಹೊರಟನು.