ಬಾಗಿಲು ಎಂದು ತೆರೆದೀತು?

ಮುಚ್ಚಿದ ಬಾಗಿಲನ್ನು ಕಂಡಾಗ ಅದೇಕೆ ಮುಚ್ಚಿತೆಂದು ಕೇಳುವವರು ಕಡಮೆ. ಎಂದು ತೆರೆಯುತ್ತದೆಂದು ಕೇಳುವವರೇ ಹೆಚ್ಚು. ಕೊರೋನಾ ಮಹಾಮಾರಿಯ ದಿನಗಳಲ್ಲಿ ಈ ಪ್ರಶ್ನೆಯನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಅಂಗಡಿ ಎಂದು ತೆರೆಯುತ್ತದೆ, ದೇವಸ್ಥಾನ ಎಂದು ತೆರೆಯುತ್ತದೆ, ಬಸ್ಸು ಎಂದು ಬಿಡುತ್ತಾರೆ ಎಂದು ದೊಡ್ಡವರು ವಿಚಾರಿಸುತ್ತಿದ್ದರೆ, ಮನೆಯ ಮಕ್ಕಳ ಪ್ರಶ್ನೆ ಬೇರೆಯೇ ಆಗಿತ್ತು. ಬಿಡದಿಯ ಬಳಿಯ ವಂಡರ್‌ಲಾ ಎಂದು ತೆರೆಯುತ್ತದೆ? ತ್ಯಾವರೆಕೊಪ್ಪದ ಹುಲಿಯನ್ನು ನೋಡಲು ಎಂದು ಬಿಡುತ್ತಾರೆ? ಗಾಂಧಿ ಪಾರ್ಕಿನ ಗೇಟಿನ ಬೀಗ ಎಂದು ತೆಗೆಯುತ್ತಾರೆ? ಇಂಥ ಪ್ರಶ್ನೆಗಳನ್ನು ಕೇಳಿ ಕೆಲವರು ನಕ್ಕರು, ಕೆಲವರು ಗದರಿದರು, ಬಹುಮಂದಿ ಬಾಯಿಗೆ ಬಂದ ಒಂದು ತಾರೀಖನ್ನು ಹೇಳಿ ಮಕ್ಕಳನ್ನು ಸುಮ್ಮನಾಗಿಸಿದರು. ಈ ಮೂರನೆಯ ಬಗೆಯ ಉತ್ತರದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮುಗಿದುಹೋದ ಕಥೆಯನ್ನು ಈಗೇಕೆ ಎತ್ತುವಿರಿ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಕೊರೋನಾದ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು, ನಿಜ. ಆದರೆ ನಮ್ಮ ಮಲೆನಾಡಿನಲ್ಲಿ ಮಾಡಿನ ಹಂಚು ಕೈಯಾಡಿಸುವುದು ಬೇಸಿಗೆಯಲ್ಲಿ. ಮಳೆ ಹೊಯ್ಯತೊಡಗಿದ ಮೇಲೆ ಏಣಿ ಹುಡುಕುವವನನ್ನು ಯಾರೂ ಜಾಣನೆನ್ನುವುದಿಲ್ಲ. ಅಂಥ ಕಾಲ ಮತ್ತೆ ಬಂದರೆ ಏನು ಮಾತನಾಡಬೇಕೆಂಬುದನ್ನು ಈ ಬಿಡುವಿನಲ್ಲಿಯೇ ಯೋಚಿಸುವುದು ಲೇಸು.

ಆಗಿನ ದಿನಗಳ ಕ್ರಮವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 2020ರ ಮಾರ್ಚಿ 13ರಂದು ರಾಜ್ಯ ಸರ್ಕಾರವು ಚಿತ್ರಮಂದಿರ, ಮಾಲು, ವಸ್ತುಪ್ರದರ್ಶನ ಮೊದಲಾಗಿ ಜನ ಕೂಡುವ ಸ್ಥಳಗಳನ್ನು ಒಂದು ವಾರ ಮುಚ್ಚಬೇಕೆಂದು ಪ್ರಕಟಿಸಿತು. ಒಂದು ವಾರವೆಂದರೆ ಏನು ಮಹಾ ಎಂದುಕೊಂಡೆವು. ವಾರ ತುಂಬುವ ಮೊದಲೇ ಗಡುವು ಬೆಳೆಯಿತು. ಮಾರ್ಚಿ 25ರಿಂದ ದೇಶವೇ 21 ದಿನ ಮನೆಯೊಳಗೆ ಕುಳಿತಿತು. ಅದು ಮುಗಿದರೆ ಮತ್ತೆ 19 ದಿನ, ಆ ಮೇಲೆ 14 ದಿನ, ಪುನಃ 14 ದಿನ. ಮೇ ತಿಂಗಳ ಕೊನೆಗೆ ಒಟ್ಟು 68 ದಿನ. ಜೂನ್ 8ರಂದು ದೇವಸ್ಥಾನಗಳೂ ಹೋಟೆಲುಗಳೂ ತೆರೆದವು. ಮೈಸೂರಿನ ಮೃಗಾಲಯವೂ ಅಂದೇ ತೆರೆಯಿತು. ಆದರೆ ಕೇಂದ್ರ ಸರ್ಕಾರದ ಆದೇಶಗಳಲ್ಲಿ 'ಮುಚ್ಚಿರತಕ್ಕವು' ಎಂಬ ಪಟ್ಟಿಯೊಂದಿತ್ತಷ್ಟೆ, ಅದರಲ್ಲಿ ಮನರಂಜನಾ ಪಾರ್ಕುಗಳ ಹೆಸರು ಜೂನಿನಲ್ಲಿಯೂ ಇತ್ತು, ಜುಲೈಯಲ್ಲಿಯೂ ಇತ್ತು, ಆಗಸ್ಟಿನಲ್ಲಿಯೂ ಇತ್ತು, ಸೆಪ್ಟೆಂಬರಿನಲ್ಲಿಯೂ ಇತ್ತು. ಸೆಪ್ಟೆಂಬರ್ 30ರ ಆದೇಶದಲ್ಲಿ, ಅಕ್ಟೋಬರ್ 15ರಿಂದ ತೆರೆಯಬಹುದೆಂಬ ಅಪ್ಪಣೆ ಬಂದಿತು. ಬಿಡದಿಯ ಪಾರ್ಕು ಬಾಗಿಲು ತೆರೆದದ್ದು ನವೆಂಬರಿನಲ್ಲಿ.

ಈ ಎಂಟು ತಿಂಗಳು ನಮ್ಮ ಮನೆಗಳಲ್ಲಿ 'ಬರುವ ಸೋಮವಾರ ತೆರೆಯುತ್ತದೆ', 'ಹಬ್ಬದ ಹೊತ್ತಿಗೆ ತೆರೆಯುತ್ತದೆ' ಎಂಬ ಮಾತುಗಳು ಎಷ್ಟು ಸಲ ಹುಟ್ಟಿ ಎಷ್ಟು ಸಲ ಸತ್ತವೋ! ಹೇಳಿದವರಲ್ಲಿ ಕೇಡಿನ ಬುದ್ಧಿಯೇನೂ ಇರಲಿಲ್ಲ. ಮಕ್ಕಳು ಸಪ್ಪೆಯಾಗಬಾರದೆಂಬ ಅಂತಃಕರಣದಿಂದಲೇ ಹೇಳಿದರು. ಆದರೆ ಮಕ್ಕಳು ಲೆಕ್ಕದಲ್ಲಿ ನಮಗಿಂತ ಚುರುಕು. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮೂರು ಗುರುತುಗಳು ಸುಳ್ಳಾದ ಮೇಲೆ ನಾಲ್ಕನೆಯದನ್ನು ಅವರು ನಂಬುವುದಿಲ್ಲ; ಕೈ ತೊಳೆ, ಮೂಗು ಬಾಯಿ ಮುಚ್ಚಿಕೊ ಎಂದು ನಾವು ಹೇಳುವ ನಿಜವಾದ ಮಾತನ್ನೂ ನಂಬದೆ ಹೋಗುತ್ತಾರೆ. ಹುಸಿಯಾದ ತಾರೀಖಿನಿಂದಾಗುವ ನಷ್ಟ ಇದು.

ಹಾಗಾದರೆ ಸರಿಯಾದ ತಾರೀಖನ್ನು ಯಾರಾದರೂ ಹೇಳಬಹುದಾಗಿತ್ತೆ? ಇಲ್ಲ. ಇದಕ್ಕೆ ಕಾರಣ ರೋಗದ ಸ್ವಭಾವದಲ್ಲಿಯೇ ಇತ್ತು. ಸೋಂಕು ತಗುಲಿದವನಲ್ಲಿ ರೋಗದ ಲಕ್ಷಣ ಕಾಣಿಸಿಕೊಳ್ಳಲು ಹದಿನಾಲ್ಕು ದಿನಗಳವರೆಗೂ ಹಿಡಿಯಬಹುದು. ಆದುದರಿಂದ ಇಂದು ಬಾಗಿಲು ತೆರೆದುದರ ಫಲವೇನೆಂಬುದು ತಿಳಿಯುವುದು ಎರಡು ವಾರದ ಮೇಲೆ. ನಾಟಿ ಮಾಡಿದ ಸಂಜೆಯೇ ಗದ್ದೆಯ ಬದುವಿನ ಮೇಲೆ ನಿಂತು ಎಷ್ಟು ಮೂಟೆ ಬತ್ತವಾಯಿತೆಂದು ಕೇಳಿದರೆ ಯಾರು ಉತ್ತರ ಕೊಟ್ಟಾರು? ನಮ್ಮ ಶಿವಮೊಗ್ಗ ಜಿಲ್ಲೆಯ ಸಂಗತಿಯನ್ನೇ ನೋಡಿ. ಸುತ್ತಲಿನ ಜಿಲ್ಲೆಗಳಲ್ಲಿ ರೋಗ ಹಬ್ಬುತ್ತಿದ್ದರೂ ಇಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಹಸಿರು ವಲಯವೆಂಬ ಹೆಸರು ಬಂದಿತ್ತು. ನಮಗೇಕೆ ಈ ಬಂಧನ ಎಂದು ಜನ ಗೊಣಗುತ್ತಿದ್ದರು. 2020ರ ಮೇ 10ರಂದು, ಒಂದೇ ದಿನ, ಎಂಟು ಪ್ರಕರಣಗಳು ಬೆಳಕಿಗೆ ಬಂದವು. ಹಿಂದಿನ ದಿನ ತಾರೀಖು ಹೇಳಿದ್ದವರೆಲ್ಲ ಮಾರನೆಯ ದಿನ ಮೌನ ವಹಿಸಬೇಕಾಯಿತು.

ಮನರಂಜನಾ ಪಾರ್ಕಿನ ಮಟ್ಟಿಗೆ ಇನ್ನೂ ಒಂದು ತೊಡಕುಂಟು. ಅಪ್ಪಣೆ ಬಂದ ಕೂಡಲೇ ಬೀಗ ತೆಗೆದು ಜನರನ್ನು ಕೂರಿಸುವಂತಿಲ್ಲ. ತಿಂಗಳುಗಟ್ಟಲೆ ನಿಂತ ಯಂತ್ರಗಳನ್ನು ಬಿಚ್ಚಿ ನೋಡಬೇಕು, ಎಣ್ಣೆ ಹಾಕಬೇಕು, ಖಾಲಿ ಆಸನಗಳನ್ನು ಕಟ್ಟಿಕೊಂಡು ಅವು ಸುತ್ತಿಬರುವುದನ್ನು ಪರೀಕ್ಷಿಸಬೇಕು. ಕೊಳಗಳ ನೀರನ್ನು ಬದಲಿಸಿ, ಸೋಸಿ, ಕ್ಲೋರಿನ್ ಹಾಕಿ ಹದಕ್ಕೆ ತರಬೇಕು. ಊರಿಗೆ ಹೋದ ಕೆಲಸಗಾರರು ಹಿಂದಿರುಗಬೇಕು. ಇಷ್ಟೆಲ್ಲಾ ಆದ ಮೇಲೆ ಮತ್ತೆ ಮುಚ್ಚಬೇಕಾಗಿ ಬಂದರೆ ಆ ಖರ್ಚೆಲ್ಲ ನೀರಿನಲ್ಲಿ ಹೋಮ.

ದೊಡ್ಡ ದೇಶಗಳ ದೊಡ್ಡ ಪಾರ್ಕುಗಳೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಆರಂಭವಾದುದು. 2020ರ ಮಾರ್ಚಿಯಲ್ಲಿ ಮುಚ್ಚಿದ ಅದನ್ನು ಅದೇ ವರ್ಷದ ಜುಲೈ 17ಕ್ಕೆ, ಅಂದರೆ ಅರವತ್ತೈದು ವರ್ಷ ತುಂಬಿದ ದಿನ, ತೆರೆಯುವುದಾಗಿ ಒಡೆಯರು ಪ್ರಕಟಿಸಿದರು. ಆ ದಿನ ಬಂದಿತು. ಬಾಗಿಲು ಮಾತ್ರ ತೆರೆಯಲಿಲ್ಲ. ತೆರೆದದ್ದು 2021ರ ಏಪ್ರಿಲ್ 30ರಂದು. ಹಾಂಗ್‌ಕಾಂಗಿನ ಡಿಸ್ನಿಲ್ಯಾಂಡ್ 2020ರ ಜೂನಿನಲ್ಲಿ ತೆರೆದು ಜುಲೈಯಲ್ಲಿಯೇ ಪುನಃ ಮುಚ್ಚಿತು. ಜಪಾನಿನವರದು ಇನ್ನೂ ಸ್ವಾರಸ್ಯ. ಪಾರ್ಕುಗಳನ್ನೇನೋ ತೆರೆದರು; ಆದರೆ ಕಿರುಚಿದರೆ ಉಗುಳಿನ ಹನಿಗಳು ಹಾರಿ ಸೋಂಕು ಹರಡೀತೆಂದು, ಏರಿ ಬೀಳುವ ಗಾಡಿಗಳಲ್ಲಿ ಕುಳಿತವರು ಬಾಯಿಬಿಟ್ಟು ಕೂಗಬಾರದು, ಮನಸ್ಸಿನೊಳಗೇ ಕೂಗಿಕೊಳ್ಳಬೇಕು ಎಂದು ಕೇಳಿಕೊಂಡರು. ತಲೆಕೆಳಗಾಗಿ ಬೀಳುತ್ತಿರುವವನು ಮೌನವ್ರತವನ್ನು ಪಾಲಿಸುವುದೆಂದರೆ ಋಷಿಗಳಿಗೂ ಕಠಿಣವಾದ ತಪಸ್ಸೇ!

ಮನರಂಜನೆ ಅಷ್ಟೇನೂ ಮುಖ್ಯವಲ್ಲವಲ್ಲ, ಅನ್ನದ ಪ್ರಶ್ನೆಯೆ ಅದು, ಎನ್ನುವ ಹಿರಿಯರುಂಟು. ನಾನು ಕನ್ನಡ ಪಂಡಿತ; ಮಾತಿನ ಮೂಲಕ್ಕೆ ಹೋಗುವುದು ನಮ್ಮ ಚಾಳಿ. 'ರಂಜನ'ವೆಂದರೆ ಬಣ್ಣ ಕಟ್ಟುವುದು. ಮನಸ್ಸಿಗೆ ಬಣ್ಣ ಕಟ್ಟುವುದೇ ಮನರಂಜನೆ. ಬಣ್ಣವಿಲ್ಲದ ಸೀರೆಯೂ ಸೀರೆಯೇ. ಆದರೆ ಹಬ್ಬದ ದಿನ ಅದನ್ನು ಮಗಳಿಗೆ ಉಡಿಸಲು ಯಾರ ಕೈ ಬರುತ್ತದೆ? ಇರಲಿ, ಅನ್ನದ ಮಾತನ್ನೇ ಆಡೋಣ. 2020ರ ಫೆಬ್ರವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ ನಡೆಯಿತು. ಮಾರ್ಚಿ ಮೊದಲಲ್ಲಿ ಶಿರಸಿಯ ಜಾತ್ರೆ ನಡೆಯಿತು. ಅಲ್ಲಿ ದೊಡ್ಡ ತೊಟ್ಟಿಲು ತಿರುಗಿಸಿದವರು, ಬಾವಿಯೊಳಗೆ ಮೋಟಾರು ಸೈಕಲ್ಲು ಓಡಿಸಿದವರು, ಬೆಂಡು ಬತ್ತಾಸು ಮಾರಿದವರು, ಬಳೆ ತೊಡಿಸಿದವರು ಇವರೆಲ್ಲ ಜಾತ್ರೆಯಿಂದ ಜಾತ್ರೆಗೆ ನಡೆಯುತ್ತಾ ಮಳೆಗಾಲದ ಊಟವನ್ನು ಬೇಸಿಗೆಯಲ್ಲಿ ದುಡಿದುಕೊಳ್ಳುವವರು. ಆ ಬೇಸಿಗೆಯಲ್ಲಿ ಅವರಿಗೆ ಮುಂದಿನ ಜಾತ್ರೆಯೇ ಇರಲಿಲ್ಲ. ನಮಗೆ ವಿನೋದವಾದದ್ದು ಅವರಿಗೆ ಒಲೆಯ ಬೆಂಕಿ. 'ಎಂದು ತೆರೆಯುತ್ತದೆ' ಎಂಬುದು ಮಕ್ಕಳ ಪ್ರಶ್ನೆ ಮಾತ್ರ ಆಗಿರಲಿಲ್ಲ.

ತಾರೀಖು ಹೇಳಲಾಗದೆಂದ ಮೇಲೆ ಹೇಳುವುದೇನನ್ನು? ಇದಕ್ಕೆ ಹಿಂದಿನವರಲ್ಲಿ ಒಂದು ದಾರಿ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಮೈಸೂರು ಸೀಮೆಯ ಊರುಗಳನ್ನು ಅದು ಕಾಡಿತು. 'ಇಲಿ ಬಿತ್ತು' ಎಂಬ ಮಾತು ಹಬ್ಬಿದೊಡನೆ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೈಲಿನ ಗುಡಿಸಲಿನಲ್ಲಿ ಕುಳಿತ ಮಕ್ಕಳು ಮನೆಗೆ ಎಂದು ಹೋಗೋಣ ಎಂದು ಕೇಳದೆ ಇದ್ದಾರೆಯೆ? ಹಿರಿಯರ ಉತ್ತರ ಪಂಚಾಂಗವನ್ನು ನೋಡಿ ಹೇಳುವಂಥದಾಗಿರಲಿಲ್ಲ; ಊರಲ್ಲಿ ಇಲಿ ಬೀಳುವುದು ನಿಲ್ಲಲಿ, ಮನೆಯನ್ನು ಶುದ್ಧಿ ಮಾಡಲಿ, ಆಮೇಲೆ ಎಂಬುದಾಗಿತ್ತು. ತಾರೀಖಿನ ಬದಲು ಒಂದು ಗುರುತು. ಗುರುತನ್ನು ಮಕ್ಕಳೂ ಕಾದು ನೋಡಬಹುದು. ಕಂಡಾಗ ತಾವೇ ತಿಳಿದುಕೊಳ್ಳಬಹುದು.

ಭದ್ರಾವತಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ಅಲ್ಲಿನ ಕಾಗದದ ಕಾರ್ಖಾನೆ 2015ರಲ್ಲಿ ಕೆಲಸ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅದೇ ಆಗಸ್ಟಿನಲ್ಲಿ ಅದರ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತು. ಗೇಟಿನ ಮುಂದೆ ನಿಂತು ಬೇಸತ್ತ ಕಾರ್ಮಿಕರು 'ಮುಂದಿನ ತಿಂಗಳು' ಎಂಬ ಭರವಸೆಗೆ ಕಿವಿಗೊಡುವುದಿಲ್ಲ. ಕಚ್ಚಾಮಾಲು ಬಂದಿತೆ, ಹಣ ಮಂಜೂರಾಯಿತೆ ಎಂದು ಕೇಳುತ್ತಾರೆ. ಅನುಭವ ಅವರಿಗೆ ಗುರುತು ಹುಡುಕುವುದನ್ನು ಕಲಿಸಿದೆ.

ನಮ್ಮ ಭಾಷೆಯೂ ಇದಕ್ಕೆ ನೆರವಾಗುವಂತಿದೆ. ಪ್ರೌಢಶಾಲೆಯ ವ್ಯಾಕರಣದಲ್ಲಿ ಮಕ್ಕಳು ಬಾಯಿಪಾಠ ಮಾಡುವ ಕ್ರಿಯಾಪದ ರೂಪಗಳನ್ನು ನೆನೆಯಿರಿ. 'ತೆರೆಯಲಿ' ಎಂದರೆ ವಿಧ್ಯರ್ಥಕ. ಅದು ನಮ್ಮ ಹಾರೈಕೆ. 'ತೆರೆಯದು' ಎಂದರೆ ನಿಷೇಧಾರ್ಥಕ, ಅದು ನಿರಾಶೆ. 'ತೆರೆಯುವುದು' ಎಂಬ ಭವಿಷ್ಯತ್ ರೂಪ ವಚನ ಕೊಟ್ಟಂತೆ. ಇವುಗಳ ನಡುವೆ ಇನ್ನೊಂದು ರೂಪವುಂಟು: 'ತೆರೆದೀತು'. ಇದು ಸಂಭಾವನಾರ್ಥಕ. ಇದರಲ್ಲಿ ಸುಳ್ಳಿಲ್ಲ, ನಿರಾಶೆಯೂ ಇಲ್ಲ. 'ಇನ್ನೆರಡು ವಾರ ರೋಗಿಗಳ ಸಂಖ್ಯೆ ಇಳಿಯುತ್ತಾ ಬಂದರೆ ತೆರೆದೀತು' ಎಂದು ನೋಡಿ. ಒಂದು 'ಆದರೆ', ಒಂದು 'ಈತು' ಸೇರಿದರೆ ಪ್ರಾಮಾಣಿಕವಾದ ಉತ್ತರ ಸಿದ್ಧವಾಯಿತು. ಮಗು ಅಂದಿನಿಂದ ರೇಡಿಯೋದ ಪ್ರದೇಶ ಸಮಾಚಾರಕ್ಕೆ ತಾನೇ ಕಿವಿಗೊಟ್ಟು ಸಂಖ್ಯೆಯನ್ನು ಬರೆದುಕೊಳ್ಳುತ್ತದೆ. ಕಾಯುವುದೂ ಒಂದು ಕೆಲಸವಾಗುತ್ತದೆ.

ಆದರೆ 'ತೆರೆದೀತು' ಎಂಬುದೂ ಸಾಲದ ಒಂದು ಸಂದರ್ಭವಿದೆ. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರ ಪ್ರವಾಸಕ್ಕೆಂದು ಮಕ್ಕಳು ಒಂಬತ್ತನೆಯ ತರಗತಿಯಿಂದಲೇ ಐವತ್ತು, ನೂರು ರೂಪಾಯಿ ಕೂಡಿಸುವ ಪದ್ಧತಿ. ಬಿಡದಿಯ ಪಾರ್ಕು ಅವರ ಪಾಲಿಗೆ ಕಾಶಿಯಾತ್ರೆ. 2020-21ನೆಯ ಸಾಲಿನ ತಂಡದ ಭಾಗ್ಯವನ್ನು ನೋಡಿ. ನವೆಂಬರಿನಲ್ಲಿ ಪಾರ್ಕು ತೆರೆದಾಗ ಶಾಲೆ ಮುಚ್ಚಿತ್ತು. 2021ರ ಜನವರಿ 1ರಂದು ಹತ್ತನೆಯ ತರಗತಿ ಆರಂಭವಾದಾಗ ತಪ್ಪಿಹೋದ ಪಾಠಗಳ ರಾಶಿಯ ಮುಂದೆ ಪ್ರವಾಸದ ಮಾತೆತ್ತುವಂತಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಎರಡನೆಯ ಅಲೆ ಬಂದು ಎಲ್ಲವೂ ಪುನಃ ಮುಚ್ಚಿತು. ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ಮುಗಿಯಿತು. ರಾಜ್ಯದ ಮನರಂಜನಾ ಪಾರ್ಕುಗಳಿಗೆ ಮತ್ತೆ ಅಪ್ಪಣೆ ಸಿಕ್ಕಿದ್ದು ಜುಲೈ 25ರಂದು. ಅದೂ ನೀರಿನ ಆಟಗಳನ್ನು ಬಿಟ್ಟು. ಮೂರು ದಿನ ಮುಂಚೆ ಮಕ್ಕಳು ಕೊನೆಯ ಉತ್ತರಪತ್ರಿಕೆ ಕೊಟ್ಟು ಶಾಲೆಯ ಮೆಟ್ಟಿಲಿಳಿದಿದ್ದರು.

ಕೂಡಿಸಿದ ಹಣವನ್ನು ಹಿಂದಕ್ಕೆ ಕೊಡುವಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಮುಂದಿನ ವರ್ಷ ನಮ್ಮನ್ನು ಕರೆದುಕೊಂಡು ಹೋಗ್ತೀರಾ?" ಮುಂದಿನ ವರ್ಷ ಅವಳು ನಮ್ಮ ಶಾಲೆಯವಳಾಗಿರುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು. "ಇಲ್ಲಮ್ಮ, ನಿಮ್ಮ ತರಗತಿಯ ಪ್ರವಾಸ ತಪ್ಪಿಹೋಯಿತು" ಎಂದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು, ನೋಟುಗಳನ್ನು ಎಣಿಸಿಕೊಂಡು, ರುಜು ಮಾಡಿ ಹೋದಳು.

ದೊಡ್ಡವರಿಗೆ ಒಂದು ವರ್ಷವೆಂದರೆ ಇನ್ನೊಂದು ವರ್ಷದಂತೆಯೇ. ಈ ಸಲ ತಪ್ಪಿದ ಜಾತ್ರೆಯನ್ನು ಮುಂದಿನ ಸಲ ನೋಡಿದರಾಯಿತು. ಹದಿನೈದು ವರ್ಷದವರಿಗೆ ಹಾಗಲ್ಲ. ಅದೇ ಬೆಂಚು, ಅದೇ ಗೆಳತಿಯರು, ಬಸ್ಸಿನ ಹಿಂದಿನ ಸೀಟಿನ ಅದೇ ಹಾಡು ಇವೆಲ್ಲ ಒಂದೇ ವರ್ಷದ ಸೊತ್ತು. ಪಾರ್ಕಿನ ಬಾಗಿಲು ಮತ್ತೆ ತೆರೆದೀತು. ಆ ವರ್ಷದ ಬಾಗಿಲು ತೆರೆಯದು. ಇಂಥ ಕಡೆ ಸಮಾಧಾನದ ಮಾತಿಗಿಂತ, ಹೋದದ್ದು ಹೋಯಿತೆಂದು ಒಪ್ಪಿಕೊಂಡು ಅವರ ಬೇಸರದಲ್ಲಿ ನಾವೂ ಒಂದು ಗಳಿಗೆ ಪಾಲುಗೊಳ್ಳುವುದು ಮೇಲು. ನಿಜವನ್ನು ಹೇಳಿದರೆ ಮಕ್ಕಳು ಮುರಿದುಹೋಗುತ್ತಾರೆಂಬುದು ನಮ್ಮ ಭಯ. ಆ ಹುಡುಗಿ ಮುರಿದುಹೋಗಲಿಲ್ಲ. ಮರುವಾರ ಪದವಿಪೂರ್ವ ಕಾಲೇಜಿನ ಅರ್ಜಿಗೆ ನನ್ನ ಸಹಿ ಕೇಳಲು ಬಂದಳು.

ಕೊನೆಯದಾಗಿ ನಿಮ್ಮಲ್ಲಿ ಒಂದು ಬಿನ್ನಹ. ಆ ಸಾಲಿನಲ್ಲಿ ಹತ್ತನೆಯ ತರಗತಿ ಮುಗಿಸಿದವರು ಈಗ ಇಪ್ಪತ್ತು ದಾಟಿದ ಯುವಕ ಯುವತಿಯರು. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಒಬ್ಬರಾದರೂ ಇದ್ದಾರು. ಅವರ ಶಾಲೆಯ ಗುಂಪಿನ ಫೋಟೋ ಕೂಡ ಎಷ್ಟೋ ಕಡೆ ಇಲ್ಲ. ಒಂದು ಭಾನುವಾರ ಹಳೆಯ ಗೆಳೆಯರನ್ನು ಕೂಡಿಸಿಕೊಂಡು ಎಲ್ಲಿಗಾದರೂ ಹೋಗಿಬನ್ನಿ ಎಂದು ಅವರಿಗೆ ಹೇಳಿ. ಬಿಡದಿಯಾದರೂ ಸರಿ, ಜೋಗವಾದರೂ ಸರಿ, ಸಕ್ರೆಬೈಲಿನ ಆನೆಗಳ ಸ್ನಾನವಾದರೂ ಸರಿ. ಬಸ್ಸಿನ ಖರ್ಚಿಗೆ ಸ್ವಲ್ಪ ನಿಮ್ಮ ಕೈಯಿಂದಲೂ ಕೊಡಿ. ತಪ್ಪಿದ ಪ್ರವಾಸ ಅದರಿಂದ ಮರಳಿ ಬಂದಂತಾಗದು, ನಿಜ. ಆದರೆ ಹೊರಡುವ ದಿನ ಯಾವುದೆಂದು ಈ ಸಲ ಅವರೇ ಗೊತ್ತುಮಾಡಿಕೊಳ್ಳಬಹುದು.