ತಾಜಾ ಭ್ರೂಣ, ಘನೀಕರಿಸಿದ ಭ್ರೂಣ: ಖರ್ಚಿನ ಲೆಕ್ಕ



ನಾಗರಬಾವಿಯ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಫರ್ಟಿಲಿಟಿ ಸೆಂಟರುಗಳ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಈ ಚಿಕಿತ್ಸೆಗೆಂದು ಒಡವೆ ಅಡವಿಟ್ಟವರು, ಸೈಟು ಮಾರಿದವರು ನಮ್ಮ ನಡುವೆಯೇ ಇದ್ದಾರೆ. ಅವರ ಮುಂದೆ ವೈದ್ಯರು ಇಡುವ ಪ್ರಶ್ನೆ ಒಂದುಂಟು: ಭ್ರೂಣವನ್ನು ಈಗಲೇ ಗರ್ಭಕೋಶಕ್ಕೆ ಸೇರಿಸೋಣವೇ, ಘನೀಕರಿಸಿಟ್ಟು ಆಮೇಲೆ ಸೇರಿಸೋಣವೇ? ಯಾವುದು ಅಗ್ಗ?

ಮೊದಲು ವಿಜ್ಞಾನ. ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿ, ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಕೂಡಿಸುತ್ತಾರೆ. ಮೂರರಿಂದ ಐದು ದಿನಗಳಲ್ಲಿ ಭ್ರೂಣವನ್ನು ಒಳಗಿಟ್ಟರೆ ಅದು ತಾಜಾ ವರ್ಗಾವಣೆ. ಇಲ್ಲವಾದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಾಡುತ್ತಾರೆ. ಮುಚ್ಚಳ ತೆರೆದೊಡನೆ ಬಿಳಿ ಹೊಗೆ ಏಳುವ ಆ ದೃಶ್ಯ ನಮ್ಮ ಕ್ಯಾಮೆರಾಗಳಿಗೆ ಬಹಳ ಪ್ರಿಯ. ಬಿಲ್ಲಿನ ದೊಡ್ಡ ಪಾಲು ಮಾತ್ರ ಅದಕ್ಕೂ ಮೊದಲೇ, ಇಂಜೆಕ್ಷನ್ನು ಮತ್ತು ಅಂಡಾಣು ತೆಗೆಯುವ ಹಂತದಲ್ಲೇ ಆಗಿಹೋಗಿರುತ್ತದೆ.

ಘನೀಕರಿಸುವುದೇಕೆ? ಇಂಜೆಕ್ಷನ್ ಪಡೆದ ತಿಂಗಳಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಸ್ವೀಕರಿಸಲು ಹದವಾಗಿರದೇ ಇರಬಹುದು. ಇದನ್ನು ಮೊದಲೇ ಊಹಿಸಿದವರು ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯ. ಅವರು ಭ್ರೂಣವನ್ನು 53 ದಿನ ಘನೀಕರಿಸಿಟ್ಟು ನಂತರ ವರ್ಗಾಯಿಸಿದರು. 1978ರ ಅಕ್ಟೋಬರ್ 3ರಂದು ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಅಂದಿನ ತಜ್ಞರು ನಂಬಲಿಲ್ಲ. 1981ರಲ್ಲಿ ಅವರು ತೀರಿಕೊಂಡರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ವಿಜ್ಞಾನಿ ಡಾ. ಟಿ.ಸಿ. ಆನಂದಕುಮಾರ್ ಅವರ ತಂಡದ 1986ರ ಶಿಶುವೇ ದೇಶದಲ್ಲಿ ಮೊದಲನೆಯದೆಂದು ದಾಖಲಾಗಿತ್ತು. ಆದರೂ ಆನಂದಕುಮಾರ್ 1997ರಲ್ಲಿ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ನಮ್ಮ ಬೆಂಗಳೂರಿನಿಂದಲೇ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಮೊದಲಿಗರೆಂಬ ಗೌರವವನ್ನು ಅವರಿಗೇ ಬಿಟ್ಟುಕೊಟ್ಟರು. ಇಂಥವರು ಅಪರೂಪ.

ಇನ್ನು ಲೆಕ್ಕ. ತಿಳಿಯಲು ಅನುಕೂಲವಾಗಲೆಂದು ನಾನೇ ಇಟ್ಟುಕೊಂಡ ಅಂಕಿಗಳಿವು, ಯಾವ ಆಸ್ಪತ್ರೆಯ ದರವೂ ಅಲ್ಲ. ಭ್ರೂಣ ಸಿದ್ಧವಾಗುವವರೆಗೆ 80, ತಾಜಾ ವರ್ಗಾವಣೆಗೆ 20, ಒಟ್ಟು 100. ಘನೀಕರಣಕ್ಕೆ 10, ಕರಗಿಸಿ, ಗರ್ಭಕೋಶವನ್ನು ಅಣಿಗೊಳಿಸಿ ವರ್ಗಾಯಿಸಲು 25 ಎನ್ನಿ. ಎಲ್ಲವನ್ನೂ ಘನೀಕರಿಸಿ ಮೊದಲ ಪ್ರಯತ್ನ ಮಾಡಿದರೆ 115. ಹಾಗಾದರೆ ತಾಜಾ ಅಗ್ಗ! ತಾಳಿ. ಮೊದಲ ಪ್ರಯತ್ನ ವಿಫಲವಾಯಿತು, ಉಳಿದ ಭ್ರೂಣಗಳನ್ನು ಇಟ್ಟುಕೊಂಡಿಲ್ಲ ಎಂದಾದರೆ ಮತ್ತೆ 100 ತೆತ್ತು ಒಟ್ಟು 200. ತಾಜಾ ವರ್ಗಾವಣೆ ಮಾಡಿ ಉಳಿದವನ್ನು ಘನೀಕರಿಸಿದ್ದವರಿಗೆ ಎರಡು ಪ್ರಯತ್ನಕ್ಕೆ 135, ಎಲ್ಲವನ್ನೂ ಘನೀಕರಿಸಿದ್ದವರಿಗೆ 140. ಪ್ರಯತ್ನವೊಂದರ ಬೆಲೆಯನ್ನಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ. ದಂಪತಿಗಳಿಗೆ ಬೇಕಾದದ್ದು ಮಗು ಮನೆಗೆ ಬರುವವರೆಗಿನ ಖರ್ಚು.

ಹಾಗೆಂದು ಎಲ್ಲರಿಗೂ ಘನೀಕರಣವೇ ಬೇಕೇ? 2016ರಲ್ಲಿ ಚೀನಾದಲ್ಲಿ ಪಿ.ಸಿ.ಓ.ಎಸ್. ತೊಂದರೆಯಿದ್ದ 1508 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಮೊದಲ ವರ್ಗಾವಣೆಯಿಂದ ಮಗು ಪಡೆದವರು ಘನೀಕೃತ ಭ್ರೂಣದ ಗುಂಪಿನಲ್ಲಿ ಶೇಕಡಾ 49.3, ತಾಜಾ ಗುಂಪಿನಲ್ಲಿ 42. ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವೂ ಘನೀಕರಣದಲ್ಲಿ ಬಹಳ ಕಡಿಮೆಯಿತ್ತು. ಆದರೆ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚಿತ್ತು. 2018ರಲ್ಲಿ ವಿಯೆಟ್ನಾಂ ಮತ್ತು ಚೀನಾದಲ್ಲಿ ಪಿ.ಸಿ.ಓ.ಎಸ್. ಇಲ್ಲದವರನ್ನು ಪರೀಕ್ಷಿಸಿದಾಗ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂಥವರಿಗೆ ಘನೀಕರಣ ಕಡ್ಡಾಯವೆಂದು ಯಾರಾದರೂ ಹೇಳಿದರೆ, ಕಾರಣ ಕೇಳುವುದು ನ್ಯಾಯ.

ನಿಮ್ಮ ಅಕ್ಕನೋ ಅತ್ತಿಗೆಯೋ ಚಿಕಿತ್ಸೆಗೆ ಹೊರಟರೆ ಜೊತೆಗೆ ಹೋಗಿ. ಹೇಳಿದ ಮೊತ್ತದಲ್ಲಿ ಇಂಜೆಕ್ಷನ್ ಸೇರಿದೆಯೇ, ಘನೀಕರಣಕ್ಕೆ, ಕರಗಿಸುವುದಕ್ಕೆ ಬೇರೆ ಬೇರೆ ಶುಲ್ಕವೇ, ಕರಗಿಸಿದಾಗ ಭ್ರೂಣ ಉಳಿಯದಿದ್ದರೆ ಏನು ಎಂದೆಲ್ಲ ಕೇಳಿ ಬರೆಸಿಕೊಳ್ಳಿ. ಶೇಖರಣೆಯ ಬಾಡಿಗೆಯನ್ನು ಮರೆಯಬೇಡಿ; ಅದು ವರ್ಷ ವರ್ಷವೂ ಏರುತ್ತಾ ಹೋಗುವ ಬಾಬ್ತು. 2021ರ ಕಾನೂನಿನ ಪ್ರಕಾರ ಭ್ರೂಣವನ್ನು ಹೆಚ್ಚೆಂದರೆ 10 ವರ್ಷ ಇಡಬಹುದು. ಆಮೇಲೆ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು.