ಮೋಟಾರ್ ಸೈಕಲ್ಲಿನ ಬ್ರೇಕು ಮತ್ತು ಬೋಲ್ಟುಗಳ ಜೋಪಾನ

ಅಡಿಕೆಗೆ ಮದ್ದು ಹೊಡೆಯುವ ಸಂಗತಿ ಹೇಳಬೇಕಾದ ಕೃಷಿ ಇಲಾಖೆಯವರು ಮೋಟಾರ್ ಸೈಕಲ್ಲಿನ ಬ್ರೇಕಿನ ಮಾತು ಏಕೆ ಎತ್ತಿದರು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಒಂದು ಸಲ ವಿಚಾರ ಮಾಡಿ ನೋಡಿ. ಹೆಗ್ಗರಣೆ ಸುತ್ತಿನ ಮನೆಗಳಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹೋಗುವದು ಇದರ ಮೇಲೆ. ಹಿಂಡಿ ಚೀಲ ಬರುವದು ಇದರ ಮೇಲೆ. ಮೈಲುತುತ್ತ, ಸುಣ್ಣ, ಪಂಪಿನ ಪೈಪು, ಕೊನೆ ಕೊಯ್ಯುವವರು, ಶಾಲೆಗೆ ಹೋಗುವ ಮಕ್ಕಳು, ಜ್ವರ ಬಂದ ಅಜ್ಜಿ, ಎಲ್ಲರೂ ಇದರ ಮೇಲೆಯೇ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸ ಈಗ ಮೋಟಾರ್ ಸೈಕಲ್ಲಿನ ಪಾಲಿಗೆ ಬಂದಿದೆ. ಆದ್ದರಿಂದ ಇದೂ ಒಂದು ವ್ಯವಸಾಯದ ಸಾಧನವೇ ಸರಿ.

ನಮ್ಮ ಸೀಮೆಯ ನೆಲವಂತೂ ಏರು ಇಳುಕಲಿನದು. ಹೆಗ್ಗರಣೆಯ ಹತ್ತಿರವೇ ಉಂಚಳ್ಳಿಯಲ್ಲಿ ಅಘನಾಶಿನಿ ಹೊಳೆ 116 ಮೀಟರು ಕೆಳಗೆ ಧುಮುಕುವದನ್ನು ತಾವೆಲ್ಲ ಕಂಡಿದ್ದೀರಿ. ನೆಲ ಅಷ್ಟು ಕಡಿದಾಗಿರುವಲ್ಲಿ ದಾರಿ ಸಪಾಟಾಗಿ ಹೇಗೆ ಇದ್ದೀತು? ಸಿದ್ದಾಪುರದವರು ಕುಮಟೆಗೆ ಇಳಿಯಬೇಕಾದರೆ ದೊಡ್ಮನೆ ಘಟ್ಟ, ಶಿರಸಿಯವರಿಗೆ ದೇವಿಮನೆ ಘಟ್ಟ, ಯಲ್ಲಾಪುರದವರು ಅಂಕೋಲೆಗೆ ಹೋಗಬೇಕಾದರೆ ಅರಬೈಲು ಘಟ್ಟ. ಘಟ್ಟದ ಮಾತು ಬಿಡಿ, ಡಾಂಬರು ರಸ್ತೆಯಿಂದ ಮನೆಯಂಗಳಕ್ಕೆ ಇಳಿಯುವ ಮಣ್ಣಿನ ದಾರಿಯೇ ಸಾಕು. ಇಂಥಲ್ಲಿ ಗಾಡಿ ಓಡುವದಕ್ಕಿಂತ ನಿಲ್ಲುವದು ಮುಖ್ಯ.

ಎತ್ತಿನ ಗಾಡಿಯ ಕಾಲದವರಿಗೆ ಕಡೆಗೀಲಿನ ಬೆಲೆ ಗೊತ್ತು. ಗಾಡಿ ಎಷ್ಟೇ ಗಟ್ಟಿಯಿರಲಿ, ಎತ್ತು ಎಷ್ಟೇ ಜೋರಿರಲಿ, ಅಚ್ಚಿನ ತುದಿಯ ಆ ಗೇಣಿಗಿಂತ ಸಣ್ಣ ಕೀಲು ಉದುರಿತೆಂದರೆ ಚಕ್ರ ಒಂದು ಕಡೆ, ಗಾಡಿ ಒಂದು ಕಡೆ. ಹೊರಡುವ ಮೊದಲು ಹಿರಿಯರು ಅದನ್ನು ಕೈಯಿಂದ ಮುಟ್ಟಿಯೇ ನೋಡುತ್ತಿದ್ದರು. ಮೋಟಾರ್ ಸೈಕಲ್ಲಿಗೂ ಅಂಥ ಕಡೆಗೀಲುಗಳಿವೆ. ಅವು ಎಲ್ಲಿವೆ ಎಂಬದು ಅನೇಕರಿಗೆ ತಿಳಿಯದು. ಅದನ್ನೇ ಇಂದು ಹೇಳಬೇಕಾಗಿದೆ.

ಮೊದಲು ಬ್ರೇಕು ಹೇಗೆ ಕೆಲಸ ಮಾಡುವದೆಂದು ತಿಳಿಯೋಣ. ಹಿಂದಿನ ಚಕ್ರದ ನಡುವೆ ಡಬ್ಬಿಯಂತೆ ಕಾಣುವದು ಡ್ರಮ್ಮು. ಅದರ ಒಳಗೆ ಅರ್ಧಚಂದ್ರದ ಆಕಾರದ ಎರಡು ಬ್ರೇಕ್ ಶೂಗಳಿವೆ. ಅವುಗಳ ಬೆನ್ನಿಗೆ ಅಂಟಿಸಿದ ಒರಟು ಪಟ್ಟಿಯನ್ನು ನಾವು ಲೈನರು ಎನ್ನುತ್ತೇವೆ. ಕಾಲಿನಿಂದ ಪೆಡಲು ಒತ್ತಿದರೆ ಉದ್ದನೆಯ ರಾಡು ಎಳೆಯುತ್ತದೆ, ಶೂಗಳು ಅಗಲವಾಗುತ್ತವೆ, ಲೈನರು ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಉಜ್ಜಿದ್ದು ಸವೆಯಲೇಬೇಕು. ಸವೆದಂತೆ ಪೆಡಲು ಹೆಚ್ಚು ಹೆಚ್ಚು ಕೆಳಗೆ ಹೋಗುವದು. ಆಗ ರಾಡಿನ ತುದಿಯ ನಟ್ಟನ್ನು ತಿರುವಿ ಬಿಗಿ ಮಾಡುತ್ತೇವೆ. ಇದು ಸರಿಯೇ. ಆದರೆ ಬಿಗಿ ಮಾಡುತ್ತಲೇ ಹೋದರೆ ಒಂದು ದಿನ ಲೈನರೇ ಉಳಿದಿರುವದಿಲ್ಲ. ಅನೇಕ ಗಾಡಿಗಳಲ್ಲಿ ಡ್ರಮ್ಮಿನ ತಟ್ಟೆಯ ಮೇಲೆ ಸಣ್ಣ ಬಾಣದ ಗುರುತು ಇರುವದು. ಬ್ರೇಕು ಒತ್ತಿ ಹಿಡಿದಾಗ ಆ ಬಾಣ ತಟ್ಟೆಯ ಗೆರೆಗೆ ಬಂದು ತಾಗಿತೆಂದರೆ ಲೈನರು ಮುಗಿಯಿತೆಂದು ಅರ್ಥ. ಮತ್ತೆ ಬಿಗಿ ಮಾಡಬೇಡಿ, ಹೊಸ ಶೂ ಹಾಕಿಸಿ. ಕಿರ್ರೆಂದು ಕಬ್ಬಿಣ ಉಜ್ಜುವ ಸದ್ದು ಬರುವ ತನಕ ಕಾದರೆ ಡ್ರಮ್ಮೂ ಕೆಟ್ಟು ಖರ್ಚು ಹೆಚ್ಚುವದು.

ಇನ್ನು ಕಡೆಗೀಲಿನ ಮಾತು. ತಿರುಗುವ ಚಕ್ರವನ್ನು ಶೂ ಹಿಡಿದ ಕೂಡಲೆ, ಚಕ್ರವು ಶೂಗಳನ್ನೂ ಅವು ಕೂತ ತಟ್ಟೆಯನ್ನೂ ತನ್ನ ಜೊತೆಗೇ ತಿರುಗಿಸಲು ಎಳೆಯುವದು. ಹಾಗೆ ತಿರುಗದಂತೆ ತಡೆಯಲು ತಟ್ಟೆಗೂ ಗಾಡಿಯ ಹಿಂದಿನ ಕೈಗೂ ಒಂದು ಕಬ್ಬಿಣದ ಪಟ್ಟಿ ಜೋಡಿಸಿರುತ್ತಾರೆ. ಇದಕ್ಕೆ ಟಾರ್ಕ್ ರಾಡು ಎಂದು ಹೆಸರು. ಇದನ್ನು ಹಿಡಿದಿರುವದು ಕಿರುಬೆರಳಿನಷ್ಟು ಒಂದೊಂದು ಬೋಲ್ಟು. ಬೋಲ್ಟಿನ ನಟ್ಟು ಬಿಚ್ಚದಂತೆ ಸ್ಪ್ಲಿಟ್ ಪಿನ್ನು ಎಂಬ ಎರಡು ಕಾಲಿನ ತಂತಿ. ಆ ಪಿನ್ನು ಇಲ್ಲದೆ ನಟ್ಟು ಸಡಿಲಾಗಿ ಉದುರಿತೆನ್ನಿ. ಮುಂದಿನ ಸಲ ಜೋರಾಗಿ ಬ್ರೇಕು ಒತ್ತಿದಾಗ ತಟ್ಟೆಯೇ ಸುತ್ತಿ, ರಾಡು ಬಾಗಿ, ಬ್ರೇಕು ಪೂರ್ತಿ ಹೋಗಬಹುದು, ಇಲ್ಲವೆ ಚಕ್ರ ಒಮ್ಮೆಲೇ ಕಚ್ಚಿ ನಿಂತು ಗಾಡಿ ಮಗುಚಬಹುದು. ಲೈನರು ಹೊಸದಿದ್ದರೂ ಇದು ತಪ್ಪದು.

ಈ ಪಿನ್ನು ಯಾವಾಗ ಕಾಣೆಯಾಗುವದು? ಹೆಚ್ಚಾಗಿ ಚಕ್ರ ಬಿಚ್ಚಿ ಪಂಕ್ಚರ್ ತೆಗೆಸಿದಾಗ, ಚೈನು ಬಿಗಿ ಮಾಡಿಸಿದಾಗ. ಆಗ ಅಚ್ಚಿನ ನಟ್ಟು, ಟಾರ್ಕ್ ರಾಡು, ಬ್ರೇಕಿನ ರಾಡು ಇವನ್ನೆಲ್ಲ ಸಡಿಲಿಸಬೇಕಾಗುತ್ತದೆ. ಮಳೆ ಬರುತ್ತಿರುತ್ತದೆ, ಅವಸರ ಇರುತ್ತದೆ, ಪಿನ್ನು ಕೆಸರಿನಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಚಕ್ರ ಬಿಚ್ಚಿಸಿದ ದಿನ ಹಣ ಕೊಡುವ ಮೊದಲು ಬಗ್ಗಿ ನೋಡಿ: ಅಚ್ಚಿನ ನಟ್ಟು ಬಿಗಿಯಿದೆಯೇ? ಟಾರ್ಕ್ ರಾಡಿನ ಎರಡೂ ತುದಿಗೆ ನಟ್ಟು ಇದೆಯೇ? ಕಂಪನಿ ಪಿನ್ನು ಕೊಟ್ಟಲ್ಲೆಲ್ಲ ಪಿನ್ನು ಇದೆಯೇ, ಅದರ ಕಾಲು ಮಡಚಿದೆಯೇ? ಚೈನು ಎಳೆದು ಚಕ್ರ ಹಿಂದೆ ಸರಿಸಿದರೆ ಬ್ರೇಕಿನ ಬಿಗಿಯೂ ಬದಲಾಗುವದು, ಅದನ್ನೂ ಹೊಸದಾಗಿ ಹೊಂದಿಸಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು. ಎರಡು ಸಲ ಮಡಚಿದ ತಂತಿ ಮೂರನೆಯ ಸಲ ಮುರಿಯುವದು. ಅದರ ಜಾಗದಲ್ಲಿ ಮೊಳೆಯನ್ನೋ ಬೇಲಿ ತಂತಿಯನ್ನೋ ಸಿಕ್ಕಿಸುವದಂತೂ ಬೇಡವೇ ಬೇಡ. ಪಿನ್ನಿನ ಬೆಲೆ ಒಂದು ಲೋಟ ಚಹಕ್ಕಿಂತ ಹೆಚ್ಚಲ್ಲ. ನಾಲ್ಕು ತಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.

ಬೋಲ್ಟು ಸಡಿಲಾಗಿದ್ದನ್ನು ಕಣ್ಣಿನಿಂದಲೇ ಹಿಡಿಯಲು ಒಂದು ಸುಲಭ ಉಪಾಯವಿದೆ. ಸರಿಯಾಗಿ ಬಿಗಿ ಮಾಡಿಸಿದ ಮೇಲೆ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದ ಮೇಲೆ ಹಾಯುವಂತೆ ಪೇಂಟಿನ ಒಂದು ಗೆರೆ ಎಳೆಯಿರಿ. ಪೇಂಟು ಇಲ್ಲದಿದ್ದರೆ ಮಗಳ ಉಗುರಿನ ಬಣ್ಣವೂ ಆದೀತು. ಗೆರೆ ನೇರವಾಗಿದ್ದರೆ ನಟ್ಟು ಕದಲಿಲ್ಲ. ಗೆರೆ ಎರಡು ತುಂಡಾಗಿ ಕಂಡರೆ ನಟ್ಟು ತಿರುಗಿದೆ. ಹಾಗೆಂದು ಉದ್ದನೆಯ ಪೈಪು ಸಿಕ್ಕಿಸಿ ಪಾನಾದಿಂದ ಕಂಡಾಬಟ್ಟೆ ಬಿಗಿಯಬಾರದು. ಮಿತಿಮೀರಿ ಬಿಗಿದರೆ ಮರೆ ಸವೆದು ಬೋಲ್ಟು ಒಳಗೇ ಬಿರುಕು ಬಿಡುವದು. ಎಷ್ಟು ಬಿಗಿ ಬೇಕೆಂಬದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಅಳೆದು ಬಿಗಿಯುವ ಪಾನಾ ಒಳ್ಳೆಯ ಗ್ಯಾರೇಜಿನಲ್ಲಿ ಇರುತ್ತದೆ.

ನಮ್ಮ ಭಾಗದ ಬೋಲ್ಟುಗಳಿಗೆ ಇನ್ನೊಂದು ಶತ್ರು ಉಂಟು. ಅದು ನಮ್ಮದೇ ಮೈಲುತುತ್ತ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ? ಅಲಗು ಕೆಂಪಾದರೆ ಸುಣ್ಣ ಸಾಲದು ಎನ್ನುತ್ತೇವೆ. ಆ ಕೆಂಪು ಎಂದರೆ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂತದ್ದು. ಸುಣ್ಣ ಬೆರೆಸದ ಮೈಲುತುತ್ತದ ನೀರು ಬೋಲ್ಟಿನ ಮೇಲೆ, ಬ್ರೇಕಿನ ವೈರಿನ ಮೇಲೆ ಸೋರಿದರೆ ಅಲ್ಲಿಯೂ ಆಗುವದು ಇದೇ. ಯೂರಿಯಾ ಚೀಲದ ಪುಡಿ, ಗೊಬ್ಬರದ ನೀರು ಸಹ ತುಕ್ಕಿಗೆ ಒಳ್ಳೆಯ ನೆಂಟರು. ಆದ್ದರಿಂದ ಮೈಲುತುತ್ತವನ್ನು ಮುಚ್ಚಳ ಭದ್ರವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನಿ, ಮದ್ದಿನ ಕೆಲಸ ಮುಗಿದ ಸಂಜೆ ಗಾಡಿಯನ್ನು ಒಳ್ಳೆ ನೀರಿನಿಂದ ತೊಳೆಯಿರಿ. ತೊಳೆದ ಮೇಲೆ ಚೈನಿಗೆ ಎಣ್ಣೆ ಬಿಡಿ, ಆದರೆ ಲೈನರಿಗೂ ಡ್ರಮ್ಮಿನ ಒಳಕ್ಕೂ ಒಂದು ಹನಿ ಎಣ್ಣೆ ತಾಗಬಾರದು. ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ನೀರು ಹೊಕ್ಕು ಬ್ರೇಕು ಹಿಡಿಯದು. ಸಾವಕಾಶ ಹೋಗುತ್ತ ಎರಡು ಮೂರು ಸಲ ಹಗುರಾಗಿ ಒತ್ತಿದರೆ ಆ ಬಿಸಿಗೆ ನೀರು ಆರುವದು.

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇದ್ದವರು ಹ್ಯಾಂಡಲಿನ ಮೇಲಿನ ಸಣ್ಣ ಡಬ್ಬಿಯಲ್ಲಿ ಬ್ರೇಕ್ ಆಯಿಲು ಕೆಳಗಿನ ಗೆರೆಗಿಂತ ಮೇಲಿದೆಯೋ ನೋಡಬೇಕು. ಅದು ಇಳಿದಿದ್ದರೆ ಪ್ಯಾಡು ಸವೆದಿದೆ, ಇಲ್ಲವೆ ಎಲ್ಲೋ ಸೋರುತ್ತಿದೆ. ಈ ಆಯಿಲು ಗಾಳಿಯ ತೇವವನ್ನು ಹೀರುವ ಗುಣದ್ದು, ನಮ್ಮ ಮಳೆಗಾಲದಲ್ಲಂತೂ ಕೇಳುವದೇ ಬೇಡ. ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು. ಇಂಜಿನ್ ಆಯಿಲನ್ನು ಇದಕ್ಕೆ ಸುರಿದರೆ ರಬ್ಬರು ಉಬ್ಬಿ ಬ್ರೇಕೇ ಕೆಡುವದು. ಪ್ಯಾಡು ಹಿಡಿದಿರುವ ಕ್ಯಾಲಿಪರಿನ ಎರಡು ಬೋಲ್ಟುಗಳೂ ಕಡೆಗೀಲುಗಳೇ. ಅವಕ್ಕೂ ಗೆರೆ ಎಳೆಯಿರಿ. 2019ರ ಏಪ್ರಿಲ್ 1ರಿಂದ ಮಾರುವ ಹೊಸ ಗಾಡಿಗಳಲ್ಲಿ 125 ಸಿ.ಸಿ. ಮೀರಿದವಕ್ಕೆ ಚಕ್ರ ಕಚ್ಚಿ ಜಾರದಂತೆ ತಡೆಯುವ ಎ.ಬಿ.ಎಸ್., ಅದಕ್ಕಿಂತ ಸಣ್ಣವಕ್ಕೆ ಕನಿಷ್ಠಪಕ್ಷ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಸವೆದ ಲೈನರನ್ನು, ಉದುರಿದ ನಟ್ಟನ್ನು ಯಾವ ವ್ಯವಸ್ಥೆಯೂ ತುಂಬಿಕೊಡದು.

ಕೊನೆಗೆ ಇಳುಕಲಿನ ಮಾತು. ಪೆಟ್ರೋಲು ಉಳಿಯಲೆಂದು ಇಂಜಿನ್ ಬಂದು ಮಾಡಿ ನ್ಯೂಟ್ರಲ್ಲಿನಲ್ಲಿ ಘಟ್ಟ ಇಳಿಯುವ ರೂಢಿ ಕೆಲವರಿಗಿದೆ. ಲೆಕ್ಕ ಹಾಕಿ ನೋಡಿ. ಗಾಡಿ, ಇಬ್ಬರು ಜನ ಸೇರಿ 240 ಕಿಲೋ ಭಾರ 300 ಮೀಟರು ಕೆಳಗಿಳಿದರೆ ಹುಟ್ಟುವ ಶಾಖ ಎರಡು ಲೀಟರು ನೀರನ್ನು ಕುದಿಸಲು ಸಾಕು. ಅದರಲ್ಲಿ ಬಹುಪಾಲನ್ನು ಆ ಸಣ್ಣ ಡ್ರಮ್ಮು ನುಂಗಬೇಕಾಗುವದು. ಕಾದ ಲೈನರು ಹಿಡಿತ ಬಿಡುತ್ತದೆ. ಅದಕ್ಕೇ ಇಂಜಿನ್ ಚಾಲೂ ಇಟ್ಟು ಎರಡನೆಯ ಗೇರಿನಲ್ಲಿ ಇಳಿಯಿರಿ, ತೀರ ಕಡಿದಾದಲ್ಲಿ ಒಂದನೆಯದರಲ್ಲಿ. ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುವದು. ಬ್ರೇಕನ್ನು ಎರಡೂ ಸೇರಿಸಿ ಬಳಸಿ; ಹಾವಸೆ, ಜಲ್ಲಿ, ಒದ್ದೆ ತರಗೆಲೆ ಇದ್ದಲ್ಲಿ ಮೆತ್ತಗೆ.

ಬಾಂಧವರೇ, ಇಷ್ಟಕ್ಕೆಲ್ಲ ಎಷ್ಟು ಹೊತ್ತು ಬೇಕು? ವಾರಕ್ಕೊಮ್ಮೆ, ಸಂತೆಗೆ ಹೊರಡುವ ಹಿಂದಿನ ಸಂಜೆ, ಐದು ನಿಮಿಷ. ಅಂಗಳದಲ್ಲಿ ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ಕೈಯಿಂದ ತಿರುಗಿಸಿ, ಪೆಡಲು ಒತ್ತಿ, ಬಿಟ್ಟ ಮೇಲೆ ಸರಾಗ ತಿರುಗುವದೇ ನೋಡಿ. ಬಾಣದ ಗುರುತು ನೋಡಿ. ಮುಂದಿನ ಬ್ರೇಕಿನ ವೈರಿನ ಎಳೆ ಹರಿದಿದೆಯೇ, ಆಯಿಲು ಇಳಿದಿದೆಯೇ ನೋಡಿ. ಅಚ್ಚಿನ ನಟ್ಟು, ಟಾರ್ಕ್ ರಾಡು, ಕ್ಯಾಲಿಪರು, ಇವುಗಳ ಗೆರೆ ನೋಡಿ. ಪಿನ್ನುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಮನೆಯ ಹೆಣ್ಣುಮಕ್ಕಳೂ ಇದನ್ನು ಕಲಿಯಬೇಕು, ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದು ಕೂರುವವರು ಅವರೇ ತಾನೆ. ಯಾವದಾದರೂ ಒಂದು ಸರಿಯಿಲ್ಲವೆಂದು ಕಂಡರೆ ಆ ದಿನ ಹಾಲನ್ನು ನೆರೆಮನೆಯವರ ಗಾಡಿಯಲ್ಲಿ ಕಳಿಸಿ, ನಿಮ್ಮ ಗಾಡಿ ಮೆಕ್ಯಾನಿಕ್ಕನ ಕೈ ಸೇರುವ ತನಕ ಇಳುಕಲಿಗೆ ಇಳಿಸಬೇಡಿ.